ನೀವು ಕಳಿಸಿದ ಮೂವತ್ತೇಳು ‘ಟೇಕ್’ಗಳು

ಜಡೆ
೧೪-೧೧-೧೯೫೮

ನನ್ನ ಯಜಮಾನರಿಗೆ ತುಂಗಮ್ಮ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನೀವು ಹೇಗಿದ್ದೀರಿ? ಅಂಬಾಲದಲ್ಲಿ ಆಗಲೇ ಚಳಿ ಶುರುವಾಗಿರಬೇಕು. ಕೆಮ್ಮು, ನೆಗಡಿ ಏನೂ ಇಲ್ಲ ತಾನೆ? ಪ್ರತಿ ಕಾಗದದಲ್ಲೂ ಕೇಳುವ ಮಾತೇ ಆದರೂ ಈ ಸಲ ಸುಮ್ಮನೆ ಕೇಳುತ್ತಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಮೊದಲು ಸಂತೋಷದ ಸುದ್ದಿ. ಗ್ರಾಮಸೇವಿಕೆ ಕೆಲಸ ನನಗೇ ಸಿಕ್ಕಿದೆ! ಹಳ್ಳಿಯ ಹೆಂಗಸರಿಗೆ ಕೈತೋಟ, ಹೊಗೆಯಿಲ್ಲದ ಒಲೆ, ಕೂಸುಗಳ ಆರೈಕೆ ಇವನ್ನೆಲ್ಲ ಹೇಳಿಕೊಡುವ ಕೆಲಸ. ಡಿಸೆಂಬರ್ ಒಂದನೇ ತಾರೀಖು ಬಂದಳಿಕೆಯಲ್ಲಿ ಹಾಜರಾಗಬೇಕು. ಆ ದಿನ ತಪ್ಪಿದರೆ ಕೆಲಸ ಪಟ್ಟಿಯಲ್ಲಿ ನನ್ನ ನಂತರ ಇರುವವರ ಪಾಲು. ವಾರಕ್ಕೊಂದು ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಂತೆ, ಅದಕ್ಕೇ ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಕೇಳಿದರು. ಇದರಲ್ಲಿ ಅರ್ಧ ಪುಣ್ಯ ನಿಮ್ಮದು. ಮಿಲಿಟರಿ ಆಫೀಸಿನಲ್ಲಿ ಗುಮಾಸ್ತೆಗಿರಿ ಮಾಡುತ್ತ ಮೂರು ವರ್ಷದಿಂದ ಪ್ರತಿ ಕಾಗದದ ತುದಿಗೆ ‘ಟೇಕ್’ ಪದದ ಒಂದೊಂದು ವಾಕ್ಯ ಬರೆದು ಕಳಿಸಿದಿರಲ್ಲ, ಒಟ್ಟು ಮೂವತ್ತೇಳು ಆಗಿವೆ. ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ಚಹಾ ಕುಡಿದರೂ ಟೇಕ್, ಔಷಧಿ ನುಂಗಿದರೂ ಟೇಕ್, ಬಸ್ಸು ಹತ್ತಿದರೂ ಟೇಕ್, ಫೋಟೋ ತೆಗೆದರೂ ಟೇಕ್. ಮಗಳು ತಾಯಿಯನ್ನು ಹೋತರೆ ಅದಕ್ಕೂ ಟೇಕ್ ಅಂತೆ! ಇಂಗ್ಲಿಷಿನವರಿಗೆ ಪದಗಳಿಗೇನು ಬರವೇ ಅಂದುಕೊಂಡಿದ್ದೆ. ಒಂದು ದಿನ ಅತ್ತೆ ಕೊಟ್ಟಿಗೆಯಿಂದ ಒಂದೇ ಉಸಿರಿನಲ್ಲಿ, “ತುಂಗಾ, ಕರು ಹಿಡಿ, ಚರಿಗೆ ಹಿಡಿ, ಸುಮ್ನೆ ಹಟ ಹಿಡೀಬ್ಯಾಡ, ನಂಗೆ ಸೊಂಟ ಹಿಡ್ದೈತೆ” ಎಂದು ಕೂಗಿದರು. ಅಲ್ಲಿಗೆ ನನ್ನ ಭಯ ಹೋಯಿತು. ಅತ್ತೆ ಒಂದು ‘ಹಿಡಿ’ಯಲ್ಲಿ ಇಡೀ ಮನೆ ನಡೆಸುತ್ತಾರೆ, ನಾನು ಒಂದು ‘ಟೇಕ್’ನಲ್ಲಿ ಇಂಟರ್‌ವ್ಯೂ ದಾಟಲಾರೆನೆ? ನಮ್ಮ ಮನೆಯ ಕತ್ತಿಯೂ ಹಾಗೆಯೇ ಅಲ್ಲವೇ, ಹುಲ್ಲಿಗೂ ಅದೇ, ಹಲಸಿನ ಹಣ್ಣಿಗೂ ಅದೇ. ಅಂದಿನಿಂದ ಭತ್ತ ಕುಟ್ಟುತ್ತ ಒನಕೆಯ ಒಂದೊಂದು ಪೆಟ್ಟಿಗೆ ಒಂದೊಂದು ವಾಕ್ಯ ಹೇಳಿಕೊಂಡೆ.

ಇಂಟರ್‌ವ್ಯೂ ಇದ್ದದ್ದು ಶಿಕಾರಿಪುರದಲ್ಲಿ. ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದ ಸೊರಬದ ಈಶ್ವರಮ್ಮ ಅಣ್ಣನನ್ನು ಜೊತೆಗೆ ಕರೆತಂದಿದ್ದಳು, ನಾನು ಒಬ್ಬಳೇ ಹೋಗಿದ್ದೆ. ಅಧಿಕಾರಿಗಳು, “ಯಾವುದಾದರೂ ಒಂದು ಕ್ರಿಯಾಪದ ಆರಿಸಿಕೊಂಡು ಹತ್ತು ವಾಕ್ಯ ಹೇಳಿ” ಎಂದರು. ನನಗೆ ನಗುವೇ ಬಂತು. ಹದಿನೆಂಟು ಹೇಳುವಷ್ಟರಲ್ಲಿ ಅವರೇ ಕೈ ಎತ್ತಿ ಸಾಕು ಅಂದರು. ಆಮೇಲೆ ಅರ್ಜಿಯ ಹಾಳೆ ತಿರುಗಿಸಿ ನನ್ನ ಹೆಸರು, ಊರು ಕೇಳಿ, ಕೊನೆಗೆ ಗಂಡನ ಹೆಸರು ಕೇಳಿದರು. ನಾನು ಕಂಬದ ಹಾಗೆ ನಿಂತುಬಿಟ್ಟೆ. ಮದುವೆಯಾಗಿ ಏಳು ವರ್ಷದಲ್ಲಿ ನಿಮ್ಮ ಹೆಸರು ನನ್ನ ಬಾಯಿಂದ ಬಂದಿದೆಯೇ? ಯಾರಾದರೂ ಕೇಳಿದರೆ ಪಕ್ಕದಲ್ಲಿದ್ದವರು ಹೇಳುತ್ತಿದ್ದರು. ಈಶ್ವರಮ್ಮನಿಗಾದರೆ ಅವಳ ಅಣ್ಣ ಹೇಳಿದ್ದ. ಅಧಿಕಾರಿಗಳು ಎರಡು ಸಲ ಕೇಳಿದರು. ನನ್ನ ಇಂಗ್ಲಿಷ್ ಅಲ್ಲಿಗೇ ಮುಗಿಯಿತು ಅಂದುಕೊಂಡರೋ ಏನೋ, “ಪಾಪ, ಬಾಯಿಪಾಠ” ಅನ್ನುತ್ತ ಪೆನ್ನಿಗೆ ಮುಚ್ಚಳ ಹಾಕಿದರು. ಹೇಗೋ ಉತ್ತರ ಕೊಟ್ಟೆ. ಮುಚ್ಚಳ ಮತ್ತೆ ತೆಗೆದರು, ಕೆಲಸವೂ ಸಿಕ್ಕಿತು.

ಅತ್ತೆ ಮೊದಲು ಬೆಲ್ಲ ಹಂಚಿ ಸಂಭ್ರಮಪಟ್ಟರು. ಮೊನ್ನೆ ನೆಂಟರ ಮನೆಗೆಂದು ಈ ಊರಿಗೆ ಬಂದ ಈಶ್ವರಮ್ಮ ಅವರ ಕಿವಿಗೆ ಏನೋ ಹಾಕಿ ಹೋದಳು. ಅಂದಿನಿಂದ ಅತ್ತೆಯ ಮುಖ ಬಾಡಿದೆ. “ನನ್ನ ಮಗ ಚಲೋ ಇದಾನೆ ಅಂತ ಅವ್ನ ಕೈಬರಹ ಬರೋ ತನ್ಕ ನೀ ಹೊಸ್ಲು ದಾಟಂಗಿಲ್ಲ” ಎನ್ನುತ್ತಾರೆ. ಅವರ ಮಾತು ಮೀರಿ ಹೋಗಲು ನನಗೆ ಮನಸ್ಸಿಲ್ಲ, ಕೆಲಸ ಬಿಡಲು ಮೊದಲೇ ಮನಸ್ಸಿಲ್ಲ. ಟ್ರಂಕು ಆಗಲೇ ತುಂಬಿಟ್ಟಿದ್ದೇನೆ.

ನೀವು ರಜೆಗೆ ಬರುವಾಗ ಶಿಕಾರಿಪುರದಲ್ಲೇ ಇಳಿದು ನೇರ ಬಂದಳಿಕೆಗೆ ಬನ್ನಿ. ನನ್ನ ಮನೆಯಲ್ಲಿ ಊಟ ಮಾಡಿ, ಆಮೇಲೆ ಇಬ್ಬರೂ ಕೂಡಿ ಜಡೆಗೆ ಬರೋಣ. ಅತ್ತೆಯ ಆಶೀರ್ವಾದ ನಿಮ್ಮ ಮೇಲಿದೆ, ಈ ವಾರ ದಿನಕ್ಕೆ ಎರಡೆರಡು ಸಲ.

ಇಂತಿ ನಿಮ್ಮ
ತುಂಗಮ್ಮ

ತಾ.ಕ.: ಟಪಾಲಿನವನು ಜಗಲಿಯ ಮೇಲೆ ಕಾಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ನಾನು ಕೊಟ್ಟ ಉತ್ತರ ಇದು: “ಮೈ ಹಸ್ಬೆಂಡ್ಸ್ ನೇಮ್ ಈಸ್ ಮಾಸ್ತಪ್ಪ.” ಹೊರಗೆ ಕೂತವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ಅತ್ತೆ ಕಂಗಾಲಾಗಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೂ ನಿಮ್ಮ ಕಾಗದ ಬರುವವರೆಗೆ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಇದು ಕೈಸೇರಿದ ದಿನವೇ ಚೆನ್ನಾಗಿದ್ದೇನೆಂದು ಬರೆದು ಹಾಕಿ. ಈ ಸಲ ನೆಗಡಿಯಾಗಿದ್ದರೂ ಬರೆಯಬೇಡಿ. ಕೆಳಗೆ ನಿಮ್ಮ ಹೆಸರನ್ನು ಮಾತ್ರ ದೊಡ್ಡದಾಗಿ ಬರೆಯಿರಿ. ಅತ್ತೆಗೆ ಕಾಗದ ಓದಿ ಹೇಳುವವಳು ನಾನೇ ಅಲ್ಲವೇ? ಇಷ್ಟು ದಿನ ಹೆಸರು ಬಂದಲ್ಲಿ ನಿಲ್ಲಿಸುತ್ತಿದ್ದೆ. ಈ ಸಲ ಅವರೆದುರಿಗೇ ಅದನ್ನೂ ಓದುತ್ತೇನೆ.