ಮಳಿ ಎಂದರೆ ಮಳೆಯಲ್ಲ

ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸ ಮಾಲೆಯ ಮಾನ್ಯ ನಿರ್ದೇಶಕರೇ,

ನನ್ನ ಅವ್ವ ಹೇಳದ ಮಾತನ್ನು ನೀವು ಅವಳ ಫೋಟೊದ ಕೆಳಗೆ ಅಚ್ಚು ಹಾಕಿಸಿದ್ದೀರಿ. ಅದರ ದೆಸೆಯಿಂದ ನಮ್ಮ ಓಣಿಗೆ ಬರಬೇಕಿದ್ದ ಕುಡಿಯುವ ನೀರಿನ ಟ್ಯಾಂಕರ್ ಬರಲಿಲ್ಲ. ಇದು ತಪ್ಪಿನಿಂದ ಆಯಿತೋ, ಬೇಕೆಂದೇ ಆಯಿತೋ ಎಂದು ಎಲ್ಲರೆದುರು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಫೆಬ್ರವರಿಯಲ್ಲಿ ಕಾಗವಾಡ ತಾಲೂಕಿನ ನಮ್ಮೂರ ಸಭಾಭವನದಲ್ಲಿ ‘ಜಾಗತಿಕ ಸವಾಲುಗಳು: ವಿಜ್ಞಾನ ಮತ್ತು ನೀತಿ’ ಎಂಬ ಉಪನ್ಯಾಸ ಏರ್ಪಡಿಸಿದ್ದಿರಿ. ಜಗತ್ತು ನಮ್ಮೂರಿಗೆ ಬರುವುದು ಅಪರೂಪ. ಬಂದಾಗ ಖುರ್ಚಿ ಹಾಕಿ ಚಹಾ ಕೊಡುವುದು ನಮ್ಮ ಪದ್ಧತಿ. ಮೈಕ್ ವ್ಯವಸ್ಥೆ ನನ್ನದಾಗಿತ್ತು. ಅತಿಥಿಗಳು ಭೂಮಿ ಬಿಸಿಯಾಗುತ್ತಿರುವುದನ್ನೂ ಸಮುದ್ರ ಏರುತ್ತಿರುವುದನ್ನೂ ಇಂಗ್ಲಿಷಿನಲ್ಲಿ ಹೇಳಿದರು. ನಿಮ್ಮ ಪ್ರಾಧ್ಯಾಪಕರೊಬ್ಬರು ಅದನ್ನು ಕನ್ನಡಕ್ಕೆ ತಂದರು. ಒಂದು ಮಾತೂ ಬಿಡದೆ, ಬಲು ಚೆನ್ನಾಗಿ ತಂದರು. ನನ್ನ ಸಂಶಯ ಶುರುವಾಗುವುದು ಅಲ್ಲಿಂದಲೇ.

ಕೊನೆಗೆ ‘ಯಾರಾದರೂ ಪ್ರಶ್ನೆ ಕೇಳಬಹುದು’ ಎಂದಾಗ ಎದ್ದವಳು ನನ್ನ ಅವ್ವ ಶೇವಂತಾ. ಅವಳ ಬಾಯಿಗೆ ಮೈಕ್ ಹಿಡಿದವನು ನಾನು.

“ಸಾಹೇಬ್ರ, ನಮ್ಮ ಬಾವ್ಯಾಗ ಮಳಿ ನೀರ ಬರಾಕತ್ತೈತ್ರಿ. ಕೆಟ್ಟ ನಾತ ಹೊಡೀತೈತಿ. ಎಮ್ಮಿ ಸುದ್ದಾ ಬಾಯಿ ಹಚ್ಚವಲ್ದು. ನಾವೇನ ಕುಡಿಯೂಣ್ರಿ?”

ದೂರದವರಿಗಾಗಿ ವಿವರಿಸುತ್ತೇನೆ. ನಮ್ಮ ಕನ್ನಡದಲ್ಲಿ ಮಳಿ ಎಂದರೆ ಮಳೆ. ನಮ್ಮ ಮರಾಠಿಯಲ್ಲಿ ಮಳಿ ಎಂದರೆ ಸಕ್ಕರೆ ಕಾರ್ಖಾನೆ ಹೊರಬಿಡುವ ಕಪ್ಪು ಕೊಳೆ. ಗಡಿಯಲ್ಲಿ ಒಂದೇ ಬಾಯಲ್ಲಿ ಎರಡೂ ಇರುತ್ತವೆ. ಯಾವುದು ಯಾವುದೆಂದು ತಿಳಿಯಲು ನಮಗೆ ನಿಘಂಟು ಬೇಡ, ಮೂಗು ಸಾಕು. ಪ್ರಾಧ್ಯಾಪಕರು ಅತಿಥಿಗಳ ಕಡೆ ತಿರುಗಿ, ಈ ತಾಯಿಯ ಬಾವಿಗೆ ಮಳೆ ನೀರು ಸೇರುತ್ತಿದೆಯಂತೆ ಎಂದರು. ಅಷ್ಟೇ ಎಂದರು. ‘ರೇನ್ ವಾಟರ್’ ಎಂಬುದು ತಿಳಿಯುವಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಅತಿಥಿಗಳ ಮುಖ ಅರಳಿತು. ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಸಭೆಯೂ ತಟ್ಟಿತು. ತನ್ನ ಮಾತು ಮುಟ್ಟಿತೆಂದು ಅವ್ವ ಕೈ ಮುಗಿದಳು. ನಿಮ್ಮವರು ತೆಗೆದ ಫೋಟೊ ಅದೇ.

ನಾನು ಅಲ್ಲಿಯೇ ಪ್ರಾಧ್ಯಾಪಕರ ಹತ್ತಿರ ಹೋಗಿ ಹೇಳಿದೆ: “ಸರ್, ಮಳಿ ಅಂದ್ರ ಮಳೆ ಅಲ್ರಿ, ಫ್ಯಾಕ್ಟರಿದು.” ಪ್ರಾಧ್ಯಾಪಕರು ನಗುತ್ತಲೇ ಮೈಕ್ ಇಸಿದುಕೊಂಡರು. “ನೀವು ಸೌಂಡಿನವರು, ಸೌಂಡ್ ನೋಡ್ಕೋರಿ” ಎಂದರು. ಆಮೇಲೆ ವಂದನಾರ್ಪಣೆ. ಊಟ ಹಾಕಿಸಿದ ಕಾರ್ಖಾನೆಯವರಿಗೂ ಹೃತ್ಪೂರ್ವಕ ವಂದನೆ ಸಂದಿತು.

ಇರಲಿ, ಶಬ್ದ ಒಂದು, ಅರ್ಥ ಎರಡು, ಯಾರಾದರೂ ಎಡವಬಹುದು. ಆದರೆ ಸ್ವಾಮಿ, ನಾತ ಎಲ್ಲಿ ಹೋಯಿತು? ಎಮ್ಮೆ ಎಲ್ಲಿ ಹೋಯಿತು? ಮಳೆ ನೀರಿಗೆ ಬಾಯಿ ಹಚ್ಚದ ಎಮ್ಮೆಯನ್ನು ನಿಮ್ಮ ಯಾವ ವಿಭಾಗದಲ್ಲಿ ಸಾಕಿದ್ದೀರಿ? ಫೆಬ್ರವರಿಯಲ್ಲಿ ನಮ್ಮಲ್ಲಿ ಕಬ್ಬು ನುರಿಯುತ್ತದೆ, ಮಳೆ ಸುರಿಯುವುದಿಲ್ಲ. ಇದಕ್ಕೂ ಹವಾಮಾನ ವಿಜ್ಞಾನ ಓದಬೇಕೇ? ಪ್ರಾಧ್ಯಾಪಕರಿಗೆ ಮರಾಠಿ ಬಾರದು ಎನ್ನಬೇಡಿ. ಅವರು ನಿಪ್ಪಾಣಿಯವರು. ಚಹಾದ ಹೊತ್ತಿನಲ್ಲಿ ಕಾರ್ಖಾನೆಯ ಅಧಿಕಾರಿಯ ಹೆಗಲ ಮೇಲೆ ಕೈಯಿಟ್ಟು ಸೊಗಸಾದ ಮರಾಠಿ ಆಡಿದ್ದನ್ನು ನಾನು ವೈರ್ ಸುತ್ತುತ್ತ ಕೇಳಿದ್ದೇನೆ. ಸಂಶಯಪಡುವುದು ನನ್ನ ಕಸುಬು. ಸ್ಪೀಕರಿನಲ್ಲಿ ಧ್ವನಿ ಬರದಿದ್ದರೆ ಎಲ್ಲಿ ಕಡಿದಿದೆ ಎಂದು ಒಂದು ತುದಿಯಿಂದ ನೋಡುತ್ತ ಹೋಗುತ್ತೇವೆ. ಅವ್ವನ ಬಾಯಿ ಸರಿಯಿತ್ತು. ಮೈಕ್ ಸರಿಯಿತ್ತು. ಅತಿಥಿಗಳ ಕಿವಿಯೂ ಸರಿಯಿತ್ತೆಂದು ನಂಬಿದ್ದೇನೆ. ನಡುವೆ ಉಳಿದದ್ದನ್ನು ನೀವು ಪರೀಕ್ಷಿಸಿ.

ಏಪ್ರಿಲಿನಲ್ಲಿ ನಿಮ್ಮ ವಾರ್ತಾಪತ್ರ ಬಂತು. ಮಳೆ ನೀರಿನಿಂದ ಬಾವಿಗಳು ಮರುಪೂರಣಗೊಂಡ ಸಂತಸವನ್ನು ಗಡಿಭಾಗದ ಮಹಿಳೆ ಹಂಚಿಕೊಂಡಳಂತೆ! ಟ್ಯಾಂಕರ್ ಕೇಳಲು ಹೋದರೆ ಪಂಚಾಯತಿಯವರು ಅದನ್ನೇ ಮುಂದೆ ಹಿಡಿದರು. “ನಿಮ್ಮ ಬಾವಿ ತುಂಬೈತಿ ಅಂತ ಯುನಿವರ್ಸಿಟಿಯವ್ರ ಬರದಾರಲ್ಲೋ ಉತ್ತಮ. ಮತ್ತ ಟ್ಯಾಂಕರ್ ಯಾಕ?” ಈಗ ಓಣಿಯ ಹೆಂಗಸರೆಲ್ಲ ಇಸ್ಮಾಯಿಲ ಚಾಚಾ ಅವರ ಹೊಲದ ಬೋರಿಗೆ ಕೊಡ ಹೊತ್ತು ಹೋಗುತ್ತಾರೆ. ಅವರಾದರೂ ಎಷ್ಟು ದಿನ ಕೊಟ್ಟಾರು? ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಅದೇ ಫೋಟೊ ಅಷ್ಟೇ ದೊಡ್ಡದಾಗಿ ಹಾಕಿ, ಕೆಳಗೆ ಅವ್ವ ಆಡಿದ ಮಾತನ್ನು ನಾತ, ಎಮ್ಮೆ ಸಮೇತ ಅಚ್ಚು ಮಾಡಿ. ಒಂದು ಪ್ರತಿ ಪಂಚಾಯತಿಗೆ ಕಳಿಸಿ. ನಮ್ಮ ಬಾವಿಯ ನೀರನ್ನು ನಿಮ್ಮ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶ ಏನೇ ಇರಲಿ ಪ್ರಕಟಿಸಿ.

ಇನ್ನೊಂದು ಕೆಲಸಕ್ಕೆ ನೀವೇ ಬರಬೇಕು. “ಅಷ್ಟ ಮಂದಿ ಎದ್ದ ನಿಂತ ಚಪ್ಪಾಳಿ ಹೊಡದಾರ, ಬಂದ ಬರತಾರ ತಗೋ” ಎಂದು ಅವ್ವ ಇಂದಿಗೂ ನಿಮ್ಮ ದಾರಿ ಕಾಯುತ್ತಿದ್ದಾಳೆ. ಆ ಚಪ್ಪಾಳೆ ಯಾವುದಕ್ಕೆ ಬಿತ್ತೆಂದು ಹೇಳಲು ನನಗೆ ಬಾಯಿ ಬಂದಿಲ್ಲ. ನೀವು ಬಂದು ಹೇಳಿ. ಕನ್ನಡದಲ್ಲಾದರೂ ಸರಿ, ಮರಾಠಿಯಲ್ಲಾದರೂ ಸರಿ. ಅವಳಿಗೆ ಎರಡೂ ತಿಳಿಯುತ್ತವೆ.

ಇಂತಿ,
ಸೌಂಡ್ ಮಾತ್ರ ನೋಡಿಕೊಳ್ಳಬೇಕಾಗಿದ್ದ
ಉತ್ತಮ
ಕಾಗವಾಡ ತಾಲೂಕು