ಮಾಲು ಒಣಗದ ಊರು

ಸುಭದ್ರಾ ಅತ್ತೆಯ ಮನೆ, ಭಾಲ್ಕಿ
14 ಮೇ 2019

ಪ್ರೀತಿಯ ಅಪ್ಪನಿಗೆ, ನಿನ್ನ ಮಗ ಪಂಢರಿಯ ಜೈಭೀಮ.

ನಿನ್ನ ಸೊಂಟ ಹೇಗಿದೆ? ಹೈದರಾಬಾದಿನಲ್ಲಿ ಬಿಸಿಲು ಇಲ್ಲಿಗಿಂತ ಜಾಸ್ತಿ ಎಂದು ಲಾರಿಯ ಕುತುಬೋದ್ದೀನ ಹೇಳಿದ. ತಗಡಿನ ಶೆಡ್ಡಿನ ಮೇಲೆ ಹಸಿ ಗೋಣಿಚೀಲ ಹಾಸಿಕೊಳ್ಳಿ. ಅಲ್ಲಿ ನೀರು ಸಿಗುತ್ತದಂತೆ, ಸಿಗುವ ಕಡೆ ಸುಮ್ಮನೆ ಸಂಕೋಚ ಪಡಬೇಡ. ಅವ್ವನ ಹಿಮ್ಮಡಿ ಬಿರುಕು ಬಿಟ್ಟಿದ್ದು ವಾಸಿಯಾಯಿತೇ? ಅವ್ವಾ, ಈ ಕಾಗದ ಓದಿ ಹೇಳುವವಳು ನೀನೇ ಎಂದು ನನಗೆ ಗೊತ್ತು. ಅಪ್ಪನಿಗೆ ಸಿಟ್ಟು ಬರುವ ಜಾಗ ಬಂದರೆ ಸ್ವಲ್ಪ ತಡೆದು, ಅವನು ಚಹಾ ಕುಡಿದ ಮೇಲೆ ಓದು. ಅಕ್ಷರ ಸೊಟ್ಟಗಾಗಿವೆ. ಐದನೇ ಇಯತ್ತೆ ಓದಿದವನ ಅಕ್ಷರ ಇಷ್ಟೇ ಎಂದುಕೊಳ್ಳಬೇಡ, ಈ ಸಲ ಬೇರೆ ಕಾರಣ ಇದೆ. ಕೊನೆಗೆ ಹೇಳುತ್ತೇನೆ.

ನಾನು ಆರಾಮ ಇದ್ದೇನೆ. ಹರ್ನಿಯಾದ ಗಾಯ ಮಾಗಿದೆ. ಬೀದರಿನ ದವಾಖಾನೆಯಲ್ಲಿ ಹೊಲಿಗೆ ಬಿಚ್ಚಿದರು. ಬಿಚ್ಚಿದವಳು ನರ್ಸಬಾಯಿ. ನನಗೆ ನಾಚಿಕೆಯಾಗಿ ಮುಖ ಗೋಡೆ ಕಡೆ ತಿರುಗಿಸಿದೆ. ಆಕೆ ನಕ್ಕು, "ಗ್ವಾಡಿ ಏನ್ ನೋಡ್ತಿಯೋ, ಗೌಂಡಿ ಇದ್ದಿಯೇನು?" ಎಂದಳು. ಇಲ್ಲ, ಗೋಡೆ ಕಟ್ಟುವವ ಅಲ್ಲ, ಕಲ್ಲು ಹೊರುವವ ಎಂದೆ. ಹಾಗೆ ಹೇಳಿದ ಮೇಲೆ ಯಾಕೋ ಇಡೀ ದಿನ ಬೇಜಾರಾಗಿತ್ತು. ಮಳೆಗಾಲ ಮುಗಿಯುವ ತನಕ ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದ್ದಾರೆ. ಆಮೇಲೆ ಎತ್ತಬಹುದಂತೆ. ದಸರೆ ಆದ ಮೇಲೆ ಬಂದುಬಿಡು, ಗುತ್ತೇದಾರ ಕಲ್ಲು ಹೊರುವ ಜಾಗ ನಿನಗೆಂದೇ ಹಿಡಿದಿದ್ದಾನೆ ಎಂದು ನೀನು ಹೇಳಿ ಕಳುಹಿಸಿದ್ದು ಮುಟ್ಟಿತು. ಫೋನಿನಲ್ಲಿ ನಿನ್ನ ಹತ್ತಿರ ನನಗೆ ಮಾತೇ ಬರುವುದಿಲ್ಲ. ಹೂಂ ಅನ್ನುತ್ತೇನೆ, ಇಟ್ಟುಬಿಡುತ್ತೇನೆ. ಈ ಸಲ ಹೂಂ ಅನ್ನುವ ಮೊದಲು ಒಂದಿಷ್ಟು ಹೇಳುವುದಿದೆ. ಅದಕ್ಕೇ ಕಾಗದ.

ಅತ್ತೆ ನನ್ನನ್ನು ಬಾಣಂತಿಯ ಹಾಗೆ ನೋಡಿಕೊಳ್ಳುತ್ತಿದ್ದಾಳೆ. ಟ್ಯಾಂಕರಿನ ಮುಂದೆ ಕೊಡ ಇಟ್ಟು ಬಂದು, ಗಂಜಿ ಕಾಸಿ, ಮತ್ತೆ ಓಡಿ ಹೋಗಿ ಸಾಲಿನಲ್ಲಿ ನಿಲ್ಲುತ್ತಾಳೆ. ನಾನು ಎದ್ದು ಕೊಡ ಹಿಡಿಯಲು ಹೋದರೆ ಬೈಯುತ್ತಾಳೆ. ಮೊದಲ ವಾರ ಮೇಲಿನ ತಗಡು ನೋಡುತ್ತ ಮಲಗಿದ್ದೆ. ನನ್ನ ಮುಖ ನೋಡಿ ಅವಳ ಮಗಳು ಸಂಘಮಿತ್ರಾ ತನ್ನ ಹಳೆಯ ಫೋನು ಕೊಟ್ಟಳು. ಅದರ ಗಾಜು ಒಡೆದಿದೆ, ಆದರೆ ಕಾಣುತ್ತದೆ. ಅದರೊಳಗೆ ಒಂದು ಆಟ ಇದೆ ಅಪ್ಪಾ. ಆಟ ಅಂದರೆ ಓಡುವುದು, ಹೊಡೆಯುವುದು ಅಲ್ಲ. ಖಾಲಿ ನೆಲ, ಆಕಾಶ, ಎಷ್ಟು ತೆಗೆದರೂ ಮುಗಿಯದ ಚೌಕ ಕಲ್ಲು. ಬೆರಳಿನಿಂದ ಮುಟ್ಟಿದರೆ ಕಲ್ಲು ಹೋಗಿ ಕೂರುತ್ತದೆ. ಯಾರೂ ಹೊರಬೇಕಾಗಿಲ್ಲ. ಕೆಂಪು ಬಣ್ಣದ ಕಲ್ಲೂ ಇದೆ, ನಮ್ಮ ಬೀದರಿನ ಕಲ್ಲಿನ ಹಾಗೆ, ಆದರೆ ತೂತು ಇಲ್ಲ. ನಾವು ಆ ಲೋಕದೊಳಗೆ ನಡೆದಾಡಬಹುದು, ಕಟ್ಟಿದ ಮನೆಯೊಳಗೆ ಹೋಗಿ ನಿಲ್ಲಬಹುದು.

ನೀನು ನಗುತ್ತೀ, ಆದರೂ ಹೇಳುತ್ತೇನೆ. ನಾನು ಮೊದಲು ಮಾಡಿದ ಕೆಲಸ ಪಾಯ ತೋಡಿದ್ದು. ಎದೆಮಟ್ಟ ತೋಡಿ, ತಳದಲ್ಲಿ ದಪ್ಪ ಕಲ್ಲು ತುಂಬಿ, ಮೇಲೆ ಬರುವ ಹೊತ್ತಿಗೆ ಒಂದು ಇಡೀ ಮಧ್ಯಾಹ್ನ ಹೋಯಿತು. ಮಿತ್ರಾ ಕಾಲೇಜಿನಿಂದ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಂಢರಿ ದಾದಾ, ಇಲ್ಲಿ ಏನೂ ಬೀಳಂಗಿಲ್ಲೋ! ಗಾಳ್ಯಾಗ ಮನಿ ಕಟ್ಟಿದ್ರೂ ನಿಲ್ತದ" ಎಂದು ಹೇಳಿ, ನಿಜವಾಗಲೂ ಆಕಾಶದಲ್ಲಿ ಒಂದು ಮಾಳಿಗೆ ನಿಲ್ಲಿಸಿ ತೋರಿಸಿದಳು. ಕೆಳಗೆ ಗೋಡೆಯೇ ಇಲ್ಲ. ನನಗೆ ನೋಡಲು ಆಗಲಿಲ್ಲ. ಅವಳು ಮಲಗಿದ ಮೇಲೆ ಅದರ ಕೆಳಗೆ ನಾಲ್ಕು ಕಂಬ ಕೊಟ್ಟೆ. ಪಾಯ ಇಲ್ಲದ ಗೋಡೆ ಕಟ್ಟಲು ನನ್ನ ಬೆರಳು ಒಪ್ಪುವುದಿಲ್ಲ. ಅಲ್ಲಿ ಬೀಳುವುದಿಲ್ಲ ನಿಜ. ಆದರೆ ಕಟ್ಟುವವನಿಗೆ ಗೊತ್ತಿರುತ್ತದಲ್ಲ.

ಇನ್ನೊಂದು ತೊಡಕು ಬಂತು. ಅಲ್ಲಿ ಎಲ್ಲ ಕಲ್ಲೂ ಒಂದೇ ಅಳತೆ, ಒಂದರ ಮೇಲೊಂದು ನೆಟ್ಟಗೆ ಕೂರುತ್ತವೆ. ಸಂದಿನ ಮೇಲೆ ಸಂದು. ನೀನು ಅದನ್ನು ನೋಡಿದರೆ ಒದ್ದು ಕೆಡವುತ್ತಿದ್ದೆ. "ಸಂದ ಮ್ಯಾಲ ಸಂದ ಬಂದ್ರ ಅದು ಗ್ವಾಡಿ ಅಲ್ಲ, ಸೀಳು" ಎಂದು ಎಷ್ಟು ಸಲ ಹೇಳಿದ್ದೀ. ಅರ್ಧ ಕಲ್ಲು ಪಕ್ಕಕ್ಕೆ ಸರಿಸಲು ಅಲ್ಲಿ ಆಗುವುದಿಲ್ಲ. ಎರಡು ದಿನ ಯೋಚಿಸಿ ಒಂದು ಉಪಾಯ ಮಾಡಿದೆ. ಕಡುಗೆಂಪು ಕಲ್ಲು ಎರಡು, ತಿಳಿಗೆಂಪು ಕಲ್ಲು ಎರಡು ಜೋಡಿಸುತ್ತ ಹೋದೆ. ಮೇಲಿನ ಸಾಲಿನಲ್ಲಿ ಒಂದು ಕಲ್ಲು ಮುಂದೆ ಸರಿಸಿ ಶುರು ಮಾಡಿದೆ. ಈಗ ದೂರದಿಂದ ನೋಡಿದರೆ ಉದ್ದುದ್ದ ಕಲ್ಲು ಸಂದು ಮುರಿದು ಕೂತ ಹಾಗೇ ಕಾಣುತ್ತದೆ. ಬರೀ ಬಣ್ಣದ ಮೋಸ. ಆದರೆ ಗೋಡೆಗೆ ಒಂದು ನೇಯ್ಗೆ ಬಂತು, ಕಂಬಳಿಯ ಅಂಚಿನ ಹಾಗೆ. ಅದನ್ನು ಮಾಡಿದ ಸಂಜೆ ನನಗೆ ಹಸಿವೆಯೇ ಆಗಲಿಲ್ಲ. ಅತ್ತೆ ಜ್ವರ ಬಂತೆಂದು ಹಣೆ ಮುಟ್ಟಿ ನೋಡಿದಳು.

ಹಾಗೆ ಔರಾದಿನ ನಮ್ಮೂರನ್ನೇ ಕಟ್ಟಲು ಶುರು ಮಾಡಿದೆ. ನಮ್ಮ ಓಣಿ, ವಿಹಾರದ ಕಟ್ಟೆ, ಬೇವಿನ ಗಿಡ, ಮಕ್ಕಳ ಸಾಲಿ. ಬೀಗ ಹಾಕಿ ಪುಣೆಗೆ, ಮುಂಬೈಗೆ ಹೋದವರ ಮನೆಗಳನ್ನೂ ಬಿಡಲಿಲ್ಲ. ಆ ಮನೆಗಳಿಗೆ ಬೀಗ ಹಾಕಲಿಲ್ಲ, ಒಳಗೆ ಒಂದೊಂದು ದೀಪ ಇಟ್ಟೆ. ಬಾವಿಗೆ ಎರಡು ಬಕೆಟ್ ನೀರು ಸುರಿದೆ. ಅಲ್ಲಿಯ ನೀರಿನ ಗುಣ ಬೇರೆ, ಎರಡು ಬಕೆಟ್ ಸೇರಿಸಿದರೆ ಎಷ್ಟು ಸೇದಿದರೂ ಬತ್ತುವುದಿಲ್ಲ. ಅತ್ತೆ ಹಣಿಕಿ ನೋಡಿ, "ಹೌದೇನೋ? ನಂಗೊಂದ್ ಹಗ್ಗ ಬಿಡು, ಎರಡ ಕೊಡ ಸೇದ್ಕೋತೀನಿ. ಮುಂಜಾನಿಂದ ಟ್ಯಾಂಕರ್ ಬಂದಿಲ್ಲ" ಎಂದಳು. ಇಬ್ಬರೂ ನಕ್ಕೆವು. ನಗುವಾಗ ಹೊಲಿಗೆ ನೋಯುತ್ತಿತ್ತು, ಆದರೂ ನಕ್ಕೆವು. ಅಲ್ಲಿಯ ಸೂರ್ಯನೂ ಚೌಕವೇ ಅಪ್ಪಾ. ನಮ್ಮ ಮನೆಯ ಬಾಗಿಲನ್ನು ಎರಡು ಸಲ ಕಿತ್ತು, ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಬಾಗಿಲ ಚೌಕಟ್ಟಿನ ನಡುವೆ ಬಂದು ನಿಲ್ಲುವ ಹಾಗೆ ಕೂರಿಸಿದೆ. ದಿನಾ ಸಂಜೆ ಒಳಗೆ ನಿಂತು ನೋಡುತ್ತೇನೆ. ಒಲೆಯ ಮುಂದೆ ಅವ್ವ ಕೂರುವ ಜಾಗದಿಂದ ನೋಡಿದರೆ ಇನ್ನೂ ಚಂದ.

ಬಾಗಿಲು ಎಷ್ಟು ಎತ್ತರ ಇಟ್ಟಿದ್ದೇನೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಅಲ್ಲಿಯ ಮನುಷ್ಯ ಎರಡು ಕಲ್ಲಿನಷ್ಟು ಎತ್ತರ, ಎಲ್ಲರೂ ಎರಡು ಕಲ್ಲಿನ ಬಾಗಿಲೇ ಇಡುತ್ತಾರಂತೆ. ನಾನು ನಾಲ್ಕು ಇಟ್ಟೆ, ಊರಿನ ಎಲ್ಲ ಮನೆಗಳಿಗೂ. "ಆನಿ ಬರ್ತದೇನು ಬೀಗಸ್ತನಕ್ಕ?" ಎಂದು ಮಿತ್ರಾ ಛೇಡಿಸಿದಳು. ಔರಾದಿನಲ್ಲಿ ಆ ಸಾಹುಕಾರರ ಮನೆ ಕಟ್ಟುವಾಗ, ಬಾಗಿಲು ಗಿಡ್ಡ ಮಾಡು ಎಂದು ಅವರು ಹೇಳಿದ್ದಕ್ಕೆ ನೀನು ಬುಟ್ಟಿ ಕೆಳಗಿಟ್ಟು ನಿಂತಿದ್ದು ನನಗೆ ನೆನಪಿದೆ. "ನಮ್ಮ ಮಂದಿ ಬಗ್ಗಿ ಬಂದಿದ್ದು ಸಾಕಾಗ್ಯದರಿ. ನಾ ಕಟ್ಟಿದ ಬಾಗಿಲದಾಗ ಯಾರೂ ತಲಿ ಬಗ್ಗಿಸಬಾರದು" ಎಂದು ನೀನು ಹೇಳಿದೆ. ಕೊನೆಗೆ ಅವರೇ ಒಪ್ಪಿದರು. ನಾನು ಆಗ ನಿನ್ನ ಹಿಂದೆ ಕಲ್ಲು ಹೊತ್ತು ನಿಂತಿದ್ದೆ. ಇಳಿಸುವುದನ್ನೂ ಮರೆತು ನಿಂತಿದ್ದೆ.

ಸಾಲಿಯ ಗೋಡೆ ಕಟ್ಟುವಾಗ ನೀನು ಒಂದೇ ಒಂದು ಸಲ ನನ್ನ ಕೈಗೆ ಗಾರೆ ಹಾಕುವ ಕರಣಿ ಕೊಟ್ಟಿದ್ದೆ. ನಾನು ಸಿಮೆಂಟಿನ ಮಾಲು ಹಾಕಿ, ಕಲ್ಲು ಎಲ್ಲಿ ಕೂರಿಸಲಿ, ಯಾವ ಮುಖ ಹೊರಗೆ ಬರಲಿ ಎಂದು ನೋಡುತ್ತ ನಿಂತುಬಿಟ್ಟೆ. "ಮಾಲ ಯಾರಿಗೂ ಕಾಯಂಗಿಲ್ಲೋ ಪಂಢರಿ. ನೀ ನೋಡ್ಕೋತ ನಿಂತ್ರ ಅದು ಕಲ್ಲಾಗ್ತದ. ಹೋಗು, ಹೊರು" ಎಂದು ನೀನು ಕರಣಿ ತಿರುಗಿ ತೆಗೆದುಕೊಂಡೆ. ನೀನು ಹೇಳಿದ್ದು ಖರೆ. ಮಾಲು ಗಟ್ಟಿಯಾಗಿತ್ತು. ಆದರೆ ಈ ಫೋನಿನ ಊರಿನಲ್ಲಿ ಮಾಲು ಒಣಗುವುದಿಲ್ಲ ಅಪ್ಪಾ. ಬೇಕಾದಷ್ಟು ಹೊತ್ತು ನೋಡಬಹುದು. ನನಗೆ ಬೇಕಾಗಿದ್ದದ್ದು ಅಷ್ಟೇ ಅನ್ನಿಸುತ್ತದೆ. ಇಷ್ಟು ದಿನ ನೋಡಿ ನೋಡಿ ಈಗ ಒಂದು ಕಲ್ಲು ಇಡುವ ಮೊದಲೇ ಮುಂದಿನ ಐದು ಕಲ್ಲು ಕಾಣುತ್ತವೆ. ಬೆರಳು ತಡೆಯುವುದಿಲ್ಲ.

ಹೋದ ವಾರ ಅಬ್ದುಲ ಮಜೀದ ಉಸ್ತಾದರು ನನ್ನನ್ನು ನೋಡಲು ಬಂದಿದ್ದರು. ನಿನಗೆ ಗೌಂಡಿ ಕೆಲಸ ಕಲಿಸಿದ ಕೈ ಈಗ ನಡುಗುತ್ತದೆ. ಕಣ್ಣೂ ಮಂಜು. ರಂಜಾನ್ ತಿಂಗಳೆಂಬುದು ಮರೆತು ಅತ್ತೆ ಚಹಾ ಇಡಲು ಹೋದಳು. "ರೋಜಾ ಅದ ಬೇಟಿ, ಸೈತಾನನಂಗ ಯಾಕ ಕಾಡ್ತಿ" ಎಂದು ನಗಾಡಿದರು. ಮಿತ್ರಾ ನನ್ನನ್ನು ಕೇಳದೆಯೇ ಫೋನು ಅವರ ಕೈಗೆ ಕೊಟ್ಟಳು. ನಾನು ಚಾದರ ಮುಖದ ಮೇಲೆ ಎಳೆದುಕೊಂಡೆ. ಅವರು ಫೋನನ್ನು ಮೂಗಿನ ಹತ್ತಿರ ಹಿಡಿದು, ಓಣಿಯಲ್ಲಿ ನಿಧಾನವಾಗಿ ನಡೆಸುತ್ತ, ಒಂದು ಬಾಗಿಲ ಮುಂದೆ ನಿಲ್ಲಿಸಿದರು. ಮೇಲಿನಿಂದ ಕೆಳಗೆ ಬೆರಳಿಟ್ಟು ನಾಲ್ಕು ಕಲ್ಲು ಎಣಿಸಿದರು. ಆಮೇಲೆ, "ಅರೇ, ಇದು ಗೋರಖನ ಬಾಗಿಲಾ!" ಎಂದು ನಿನ್ನ ಹೆಸರು ಹೇಳಿದರು. ಯಾರು ಕಟ್ಟಿದ್ದೆಂದು ಮಿತ್ರಾ ಇನ್ನೂ ಹೇಳಿರಲೇ ಇಲ್ಲ. ನಾನು ಚಾದರದೊಳಗೆ ಅತ್ತುಬಿಟ್ಟೆ. ಅವ್ವಾ, ಈ ಸಾಲು ಜೋರಾಗಿ ಓದಬೇಡ.

ಉಸ್ತಾದರು ಎದ್ದು ಹೋಗುವಾಗ, ಗೋಡೆಯ ಮೊಳೆಗೆ ತೂಗುಹಾಕಿದ ನಿನ್ನ ಹಳೆಯ ಕರಣಿ ನೋಡಿದರು. ಹೈದರಾಬಾದಿಗೆ ಹೋಗುವಾಗ ನೀನು ಇಲ್ಲೇ ಬಿಟ್ಟುಹೋದದ್ದು, ಅವರು ನಿನಗೆ ಕೊಟ್ಟದ್ದು, ತುದಿ ಸವೆದು ಎಲೆಯ ಹಾಗಾಗಿದೆ. ಅತ್ತೆ, "ಚಾಚಾ, ನಿಮ್ಮ ಕೈಲೇ ಇವಂಗ ಕೊಟ್ಟುಬಿಡ್ರಿ" ಎಂದಳು. ಅವರು ತಲೆ ಅಲ್ಲಾಡಿಸಿದರು. "ನಾ ಕೊಟ್ಟಾಗ್ಯದ. ಇನ್ನ ಅದು ಅವನಪ್ಪಂದು. ಬಳಸಿದ ಕರಣಿ ಬಳಸಿದಾಂವೇ ಕೊಡಬೇಕು, ಇಲ್ಲಾಂದ್ರ ಬರೇ ಕಬ್ಬಿಣ" ಎಂದರು. ನಿಮ್ಮ ಗೌಂಡಿಗಳ ಕಟ್ಟಳೆ ನನಗೂ ಗೊತ್ತು. ಉಸ್ತಾದ ಕೊಡದ ಕರಣಿ ಹಿಡಿದವನ ಪಕ್ಕದಲ್ಲಿ ಯಾರೂ ಗೋಡೆಯ ಸಾಲು ಹಿಡಿಯುವುದಿಲ್ಲ.

ಉಳಿದಂತೆ ಇಲ್ಲಿ ಎಲ್ಲರೂ ಕ್ಷೇಮ. ಶನಿವಾರ ಬುದ್ಧ ಪೂರ್ಣಿಮೆ. ಅತ್ತೆ ಖೀರು ಮಾಡುತ್ತಾಳಂತೆ, ನೀವಿಬ್ಬರೂ ಇಲ್ಲದ ಖೀರು. ಕುತುಬೋದ್ದೀನನ ಲಾರಿಗೆ ಗಾಂಧಿ ಗಂಜ್ ಪೇಟೆಯಲ್ಲಿ ತೊಗರಿಬೇಳೆ ತುಂಬಿಯಾಗಿದೆ. ಈ ಕಾಗದ ಒಯ್ಯಲು ನಮ್ಮ ಬಾಗಿಲಲ್ಲೇ ನಿಲ್ಲಿಸಿಕೊಂಡು ಹಾರ್ನು ಬಾರಿಸುತ್ತಿದ್ದಾನೆ. ಅವ್ವನಿಗೆಂದು ಅತ್ತೆ ಕಟ್ಟಿಕೊಟ್ಟ ಖಾರಪುಡಿ ಅವನ ಹತ್ತಿರ ಇದೆ, ನೋಡಿ ತೆಗೆದುಕೊಳ್ಳಿ. ನಿಮ್ಮಿಬ್ಬರ ಮೈ ಗಟ್ಟಿಯಾಗಿರಲಿ, ತಲೆಯ ಮೇಲೆ ನೆರಳಿರಲಿ.

ನಿಮ್ಮ ಮಗ
ಪಂಢರಿ

ತಾ.ಕ.: ಅವ್ವಾ, ಇಲ್ಲಿಂದ ಮುಂದಿನದನ್ನು ಎರಡು ಸಲ ಓದು. ಅಪ್ಪಾ, ನಿನ್ನೆ ಸಂಜೆ ರೋಜಾ ಬಿಡುವ ಮೊದಲು ಉಸ್ತಾದರು ಮತ್ತೆ ಬಂದರು. ಬಚ್ಚಲ ಹತ್ತಿರ ಬಿದ್ದುಹೋದ ಮೋಟುಗೋಡೆ ತೋರಿಸಿ, ಕಟ್ಟು ಎಂದರು. ಕಲ್ಲುಗಳನ್ನು ಅತ್ತೆ, ಮಿತ್ರಾ ಎತ್ತಿಕೊಟ್ಟರು, ನಾನು ಒಂದನ್ನೂ ಹೊರಲಿಲ್ಲ. ಕುಡಿಯುವ ನೀರು ಇರಲಿಲ್ಲ, ಪಾತ್ರೆ ತೊಳೆದ ನೀರಿನಲ್ಲಿ ಮಾಲು ಕಲಸಿದೆವು. ಕರಣಿ ಮುಟ್ಟುವ ಹಾಗಿರಲಿಲ್ಲವಲ್ಲ, ಅಂಗೈಯಿಂದಲೇ ಮಾಲು ಹರಡಿದೆ. ಸಿಮೆಂಟಿಗೆ ಕೈ ಸುಟ್ಟಿದೆ, ಅಕ್ಷರ ಸೊಟ್ಟಗಾಗಿರುವುದು ಅದಕ್ಕೇ. ಮಾಲು ಗಟ್ಟಿಯಾಗುವ ಮೊದಲೇ ಸಾಲು ಮುಗಿಯಿತು. ಉಸ್ತಾದರು ನಡುಗುವ ಕೈಯಲ್ಲಿ ತೂಗುಗುಂಡು ಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡಿದರು, ಏನೂ ಹೇಳಲಿಲ್ಲ, ದಾರ ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡರು. ಅವರು ತಪ್ಪು ಕಂಡರೆ ಸುಮ್ಮನಿರುವವರಲ್ಲ ಎಂದು ನಿನಗೆ ಗೊತ್ತು. ದಸರೆ ಆದ ಮೇಲೂ ಕಲ್ಲು ಹೊರಲು ನಾನು ಬರುವುದಿಲ್ಲ ಅಪ್ಪಾ. ಕಲ್ಲು ಇಡಲು ಕರೆದರೆ ಅದೇ ದಿನ ಹೊರಡುತ್ತೇನೆ. ನಿನ್ನ ಕರಣಿ ಮೊಳೆಯಲ್ಲೇ ಇದೆ, ಮುಟ್ಟಿಲ್ಲ. ಅದನ್ನು ಇಳಿಸಿ ಹಿಡಿಯಲೋ ಬೇಡವೋ, ಅತ್ತೆಯ ಫೋನಿಗೆ ಒಂದೇ ಮಾತು ಹೇಳು, "ಇಳಿಸು" ಅನ್ನು, ಇಲ್ಲ "ಬ್ಯಾಡ" ಅನ್ನು. ಈ ಸಲ ನಾನು ಹೂಂ ಅಂದು ಇಟ್ಟುಬಿಡುವುದಿಲ್ಲ. ಗೋಡೆ ಒಣಗಿದೆ. ಇವತ್ತು ಬೆಳಿಗ್ಗೆ ಅತ್ತೆ ಅದಕ್ಕೆ ಬೆನ್ನು ಕೊಟ್ಟು ಕೂತು ಪಾತ್ರೆ ತೊಳೆದಳು.