ಗೋಡೆಯಾಚೆಯ ಪೈಪು

ನಮಂಗಾನ್
ಜೂನ್ ಹನ್ನೆರಡು

ಅತ್ತೆಯವರಿಗೆ ಸೊಸೆ ಹುರ್ಸನೋಯ್ ಮಾಡುವ ಸಲಾಮ್.

ನಿಮ್ಮ ಮಂಡಿನೋವು ಹೇಗಿದೆ? ಮರ್ಗಿಲಾನಿನ ಸೆಕೆಯಲ್ಲಿ ರಕ್ತದೊತ್ತಡದ ಮಾತ್ರೆ ಮರೆಯಬೇಡಿ. ನಿಮ್ಮ ಮಗಳು ಮವ್ಲುದಾಗೆ ಎದೆಹಾಲು ಚೆನ್ನಾಗಿ ಬರುತ್ತಿದೆಯೇ, ಮಗು ನಿದ್ದೆಗೊಡುತ್ತಿದೆಯೇ? ಅವಳ ಚಿಲ್ಲಾ, ಬಾಣಂತನದ ಆ ನಲವತ್ತು ದಿನ, ಸುಸೂತ್ರವಾಗಿ ಕಳೆಯಲಿ. ತೊಟ್ಟಿಲಿಗೆ ಒಂದು ಹೊದಿಕೆ ಹೊಲಿದು ಕಳಿಸುತ್ತಿದ್ದೇನೆ. "ಬಂಜೆ ಕೈಯದ್ದು ಕೂಸಿಗೆ ಬೇಡ" ಎಂದು ಮೂಲೆಗಿಡುವುದಾದರೆ ಇಡಿ, ಬಟ್ಟೆ ಮಾತ್ರ ಒಳ್ಳೆಯದು. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕಡೆಗೆ ಬಾಡಿಗೆ ಕಾರು ಓಡಿಸುವ ಡ್ರೈವರ್ ಕೈಯಲ್ಲಿ ಕೊಡುತ್ತೇನೆ. ಒಬ್ಬರೇ ಇರುವಾಗ ಓದಿಕೊಳ್ಳಿ.

ಗುಲಾಬಿಯ ವಿಷಯ. ಮಗಳ ಬಾಣಂತನಕ್ಕೆ ಹೊರಡುವ ದಿನ ನಮ್ಮ ಗೇಟಿನ ಮುಂದೆ ಕಾರಿನ ಬಾಗಿಲು ಹಿಡಿದುಕೊಂಡು, ಪಕ್ಕದ ಮನೆಯ ಇನೋಬತ್ ಖಾಲಾ ಮತ್ತು ಓಣಿಯ ಅರ್ಧ ಹೆಂಗಸರ ಎದುರಿಗೆ ನೀವು ಹೇಳಿದಿರಿ: "ನಾ ಬರೋ ಹೊತ್ತಿಗೆ ಗುಲಾಬಿ ಹಾಳಾಗಿದ್ರೆ ಗಂಟು ಕಟ್ಕೊಂಡಿರು, ತವರಿಗೆ ನಾನೇ ಬಿಟ್ಟು ಬರ್ತೀನಿ. ಒಂದು ಗಿಡ ಉಳಿಸ್ಕೊಳ್ಳೋಕಾಗದೋಳು ಮನೆ ಏನು ಬೆಳಗ್ತಾಳೆ?" ಗಿಡ ಎನ್ನುವಾಗ ನೀವು ನೋಡಿದ್ದು ನನ್ನ ಹೊಟ್ಟೆಯನ್ನು. ಹೆಂಗಸರೂ ಅಲ್ಲೇ ನೋಡಿದರು. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸುವ ಮನಸ್ಸೂ ನನಗಿಲ್ಲ.

ನಿಮ್ಮ ಪ್ರಕಾರ ಒಳ್ಳೆಯ ಸೊಸೆ ಎಂದರೆ ಒದ್ದೆ ಅಂಗಳ. ಬೆಳಕು ಹರಿಯುವ ಮುಂಚೆ ಎದ್ದು ಅಂಗಳಕ್ಕೂ ಗೇಟಿನ ಮುಂದಿನ ಬೀದಿಗೂ ನೀರು ಚಿಮುಕಿಸಿ ಗುಡಿಸಬೇಕು, ಸಂಜೆ ಮತ್ತೆ ಚಿಮುಕಿಸಬೇಕು, ಅದೇ ಕೈಯಲ್ಲಿ ಗುಲಾಬಿಗಳ ತಲೆಗೂ ಪೈಪು ತಿರುಗಿಸಬೇಕು. ಗುಡಿಸುವುದಕ್ಕೆ ನನ್ನ ತಕರಾರಿಲ್ಲ, ನಮ್ಮಮ್ಮನೂ ಸೊಸೆಯಾಗಿ ಅದನ್ನೇ ಮಾಡಿದವಳು. ಆದರೆ ಗುಲಾಬಿ ಅಂಗಳವಲ್ಲ ಅತ್ತೆ. ಸಂಜೆ ಎಲೆಯ ಮೇಲೆ ಕೂತ ನೀರು ಬೆಳಗಿನತನಕ ಆರುವುದಿಲ್ಲ. ಅದರಿಂದಲೇ ಆ ಕಪ್ಪು ಚುಕ್ಕೆ, ಅದರಿಂದಲೇ ಎಲೆ ಹಳದಿಯಾಗಿ ಉದುರುವುದು. ನೀವು ಅದಕ್ಕೆ ದೃಷ್ಟಿಯಾಗಿದೆ ಎಂದು ಇಸಿರಿಕ್ ಸೊಪ್ಪಿನ ಹೊಗೆ ಹಾಕುತ್ತಿದ್ದಿರಿ, ಹಾಕುವಾಗ ನನ್ನ ಮುಖದ ಕಡೆಗೇ ಊದುತ್ತಿದ್ದಿರಿ. ನೀವು ಹೋದ ಮರುದಿನವೇ ನಿಮ್ಮ ಮಗ ಎಲ್ಮುರೋದರನ್ನು ಕರೆದು, ಸಣ್ಣ ಗುದ್ದಲಿಯಿಂದ ಕೆದಕಿ ತೋರಿಸಿದೆ. ಎರಡು ಬೆರಳಿನ ಕೆಳಗೆ ಮಣ್ಣು ಹಿಟ್ಟಿನ ಹಾಗೆ ಒಣಗಿತ್ತು. ಮೇಲೆ ಥಳುಕು, ಒಳಗೆ ಹುಳುಕು! ದಿನಾ ಮೇಲೆ ಮೇಲೆ ಒದ್ದೆ ಮಾಡಿದರೆ ಬೇರು ಕೆಳಗೆ ಯಾಕೆ ಇಳಿಯುತ್ತದೆ? ಈಗ ಪ್ರತಿ ಗಿಡದ ಸುತ್ತ, ಕಾಂಡಕ್ಕೆ ತಾಗದಂತೆ ಪಾತಿ ಮಾಡಿದ್ದೇನೆ. ಬೆಳಗಿನ ತಂಪಿನಲ್ಲಿ ಕಾಲುವೆಯ ನೀರನ್ನು ನಿಧಾನವಾಗಿ ಬಿಡುತ್ತೇನೆ, ಹೀರಿಕೊಂಡ ಮೇಲೆ ಮತ್ತೆ ಬಿಡುತ್ತೇನೆ, ಮೊಣಕೈ ಆಳಕ್ಕೆ ನೆನೆಯಬೇಕು. ಮೇಲೆ ಒಣಹುಲ್ಲು ಮುಚ್ಚುತ್ತೇನೆ. ಆಮೇಲೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಇನ್ನೊಮ್ಮೆ ನೀರು.

ಖಾಲಾ ಗೋಡೆಯ ಮೇಲಿಂದ ಇಣುಕಿ, ಎಲೆಗಳು ಒದ್ದೆಯಾಗಿಲ್ಲದ್ದನ್ನು ಕಂಡು ನಿಮಗೆ ಕಿವಿ ಊದಿದರು. ನೀವು ಮಗನಿಗೆ ಫೋನ್ ಮಾಡಿ ಕೂಗಿದಿರಿ. ಅವರು ಗ್ಯಾರೇಜಿನಿಂದ ಜೋಲುಮುಖ ಹಾಕಿಕೊಂಡು ಬಂದು, "ಒಂದಿಷ್ಟು ಚಿಮುಕ್ಸೇ, ಅಮ್ಮಂಗೆ ಸಮಾಧಾನ ಆಗ್ಲಿ" ಎಂದರು. "ಅಮ್ಮಂಗೆ ಸಮಾಧಾನ ಆದ್ರೆ ಗಿಡ ಸಾಯುತ್ತೆ, ನಿಮಗ್ಯಾವುದು ಬೇಕು ಹೇಳಿ" ಎಂದೆ. ರೊಟ್ಟಿ ಮುರಿದು ಚಹಾದಲ್ಲಿ ಅದ್ದಿ ತಿಂದು, ಗ್ಯಾರೇಜಿಗೆ ವಾಪಸು ಹೋದರು.

ಇಷ್ಟೆಲ್ಲ ಮಾಡಿದರೂ ಗೋಡೆಯ ಪಕ್ಕದ ಸಾಲು ಮಾತ್ರ ಬೋಳಾಗುತ್ತಲೇ ಹೋಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ನನ್ನ ಕೈಗುಣವೇ ಕೆಟ್ಟದ್ದೇನೋ ಎಂದು ಒಬ್ಬಳೇ ಕೂತು ಕಣ್ಣೀರು ಹಾಕಿದೆ. ಮೊನ್ನೆ ಸಂಜೆ ತಂದೂರಿಗೆ ರೊಟ್ಟಿ ಬಡಿಯಲು ಓಣಿಯ ತುದಿಗೆ ಹೋದವಳು ಎಳ್ಳು ಮರೆತು ವಾಪಸು ಬಂದೆ. ನೋಡಿದರೆ ಗೋಡೆಯಾಚೆಯಿಂದ ಖಾಲಾನ ಪೈಪು ನಮ್ಮ ಗುಲಾಬಿಗಳ ಮೇಲೆ ಸುರಿಯುತ್ತಿದೆ! "ಇದೇನ್ ಖಾಲಾ?" ಎಂದೆ. "ನನ್ನ ಮೇಲ್ಯಾಕೆ ಕಣ್ಣು ಬಿಡ್ತೀಯೇ? ದಿನಾ ಸಂಜೆ ಅವಳಿಲ್ಲದಾಗ ಹೊಡಿ ಅಂತ ನಿಮ್ಮತ್ತೇನೇ ಹೇಳಿದ್ದು" ಎಂದರು. "ಚುಕ್ಕೆ ಬಿದ್ದು ಬೋಳಾಗ್ತಿರೋದನ್ನ ಅವರಿಗೆ ಹೇಳಿದ್ರಾ?" "ಹೇಳ್ದೆ ಕಣೇ. ಹೋದ್ರೆ ಹೋಗ್ಲಿ, ಗಿಡ ಇನ್ನೊಂದು ನೆಟ್ಕೋಬೋದು, ಸೊಸೇನೂ ಇನ್ನೊಂದು ತರ್ಬೋದು ಅಂದ್ಲು." ಹೇಳಿ ನಾಲಿಗೆ ಕಚ್ಚಿಕೊಂಡರು. ನಾನು ಗಿಡ ಸವರುವ ಕತ್ತರಿ ತಂದು ಪೈಪನ್ನು ಕತ್ತರಿಸಿ, ತುಂಡನ್ನು ಅವರ ಕಡೆಗೇ ಎಸೆದೆ. ದೂರು ನಿಮಗೆ ಮುಟ್ಟಿರಬೇಕು. ಹೌದು, ನಾನೇ ಕತ್ತರಿಸಿದ್ದು.

ಮಾವ ಬದುಕಿದ್ದಾಗ ನೆಟ್ಟ ಗಿಡಗಳವು. ನನ್ನ ಮೇಲಿನ ಹಗೆಗೆ ಅವನ್ನೂ ಸಾಯಿಸಲು ಹೊರಟಿರಲ್ಲ! ಚುಕ್ಕೆ ಬಿದ್ದ ಕೊಂಬೆಗಳನ್ನೆಲ್ಲ ಸವರಿ, ಉದುರಿದ ಎಲೆ ಗುಡಿಸಿ ಸುಟ್ಟಿದ್ದೇನೆ. ಆ ಸಾಲಿನಲ್ಲಿ ನೀವು ಬರುವಾಗ ಒಂದು ಹೂವೂ ಇರುವುದಿಲ್ಲ. ಕೆಂಪು ಚಿಗುರು ಒಡೆದಿದೆ, ನೋಡುವ ಕಣ್ಣಿದ್ದರೆ ಕಾಣುತ್ತದೆ.

ಕೂಸಿಗೆ ದೇವರು ದೀರ್ಘಾಯುಷ್ಯ ಕೊಡಲಿ, ಅದರ ಮೇಲೆ ನನಗೆ ಕೋಪವಿಲ್ಲ. ಮವ್ಲುದಾಗೆ ನನ್ನ ಪ್ರೀತಿ ತಿಳಿಸಿ. ನಿಮ್ಮ ಮಂಡಿ ಬೇಗ ವಾಸಿಯಾಗಲಿ.

ಇನ್ನೂ ಈ ಮನೆಯಲ್ಲೇ ಇರುವ ನಿಮ್ಮ ಸೊಸೆ,
ಹುರ್ಸನೋಯ್

ಮತ್ತೆ: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೋದ ವರ್ಷ ಚಳಿಗಾಲದಲ್ಲಿ ಮದುವೆಗೆಂದು ತಾಷ್ಕೆಂಟಿಗೆ ಹೋದೆವಲ್ಲ, ಅದು ಮದುವೆಗಲ್ಲ. ಇಬ್ಬರೂ ಡಾಕ್ಟರಿಗೆ ತೋರಿಸಿಕೊಂಡೆವು. ನನ್ನಲ್ಲಿ ಏನೂ ದೋಷವಿಲ್ಲ. ನಿಮ್ಮ ಮಗನಿಗೆ ಹುಡುಗನಾಗಿದ್ದಾಗ ಮಂಗನಬಾವು ಜೋರಾಗಿ ಬಂದಿತ್ತಂತೆ, ನಿಮಗೆ ನೆನಪಿರಬೇಕು. ಅವರಲ್ಲಿರುವ ದೋಷ ಅದರಿಂದ ಆದದ್ದಂತೆ, ಮಕ್ಕಳಾಗುವುದಿಲ್ಲವಂತೆ. ಬಸ್ ನಿಲ್ದಾಣದಲ್ಲಿ ನಿಮ್ಮ ಮಗ ಕೂತು ಅತ್ತು, "ಅಮ್ಮಂಗೆ ಹೇಳ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ" ಎಂದರು. ಅಂದಿನಿಂದ ನಾನು ಬಂಜೆ ಎನ್ನಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಸಾಕು. ಈ ಕಾಗದದ ಸುದ್ದಿ ಅವರಿಗೆ ಗೊತ್ತಿಲ್ಲ. ನೀವು ಗೇಟಿನಲ್ಲಿ ಜನರ ಮುಂದೆ ನನ್ನನ್ನು ಕಳಿಸುವ ಮಾತೆತ್ತಿದರೆ, ಅದೇ ಜನರ ಮುಂದೆ ನಾನೂ ಬಾಯಿ ಬಿಡುತ್ತೇನೆ. ಎತ್ತದಿದ್ದರೆ ಸಾಯುವತನಕ ಹೇಳುವುದಿಲ್ಲ. ನೀವು ಹೆತ್ತವರು. ಮಗನ ಮಾನ ಈಗ ನಿಮ್ಮ ಬಾಯಲ್ಲಿದೆ.